ನಿಮ್ಮ ಜೊತೆಗಾರರು ಇನ್ನೂ ಉತ್ತರಿಸಿಲ್ಲ

ಕಲಿಸುವವರು ಕಲಿಯಲು ಕೂತರೆ ಏನಾದರೊಂದು ಆಗುತ್ತಲೇ ಇರುತ್ತದೆ. ರಾಯಚೂರಿನ ಗಡಿಯಾಚೆ ತೆಲಂಗಾಣದಲ್ಲಿರುವ ಮಕ್ತಲ್‌ನ ಶಾಲೆಯಲ್ಲಿ ಕನ್ನಡ ಕಲಿಸುತ್ತ ತಲೆ ನೆರೆತ ನಾನು, ಪಾಠವನ್ನು ಕಟ್ಟುವುದು ಹೇಗೆ, ಮಕ್ಕಳ ತಲೆಯೊಳಗೆ ಕಲಿಕೆ ನಡೆಯುವುದು ಹೇಗೆ ಎಂದು ಇಂಟರ್ನೆಟ್ಟಿನಲ್ಲೇ ಹೇಳಿಕೊಡುವ ಒಂದು ಕೋರ್ಸಿಗೆ ಸೇರಿದೆ. ಸೇರಿಸಿದವಳು ನನ್ನ ಹೆಂಡತಿ. ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಇಬ್ಬರೂ ಕೂಡಿ ಶುರು ಮಾಡಿದೆವು. ನಡುವೆ ಅವಳು ತೀರಿಕೊಂಡಳು. ರಾಯಚೂರಿನ ಆಸ್ಪತ್ರೆಗೆ ಓಡಾಡುವಾಗ ಅವಳ ಫೋನು ಬಸ್ಸಿನಲ್ಲಿ ಕಳೆದುಹೋಗಿತ್ತು. ಅವಳ ದನಿ ಉಳಿದಿದ್ದರೆ ಅದರಲ್ಲಿ ಉಳಿದಿರಬೇಕಿತ್ತು, ಅದೂ ಹೋಯಿತೆಂದುಕೊಂಡೆ. ಅವಳು ಹಚ್ಚಿಕೊಟ್ಟ ಕೆಲಸಗಳಲ್ಲಿ ನನ್ನ ಕೈಯಲ್ಲಿ ಉಳಿದದ್ದು ಆ ಕೋರ್ಸು ಒಂದೇ. ಅದನ್ನು ಮುಗಿಸಲೇಬೇಕು ಎಂದುಕೊಂಡೆ.

ಪಟ್ಟಿಯಲ್ಲಿಲ್ಲದ ರಾಜ್ಯ

ಸೇರಿದ ದಿನದಿಂದಲೇ ಹೇಳಬೇಕು. ತೆಲಂಗಾಣ ಆಗ ತಾನೇ ಆಗಿತ್ತು. ನಾವಿಬ್ಬರೂ ನೆಟ್ ಸೆಂಟರಿಗೆ ಹೋದೆವು. ಹೆಸರು, ವಯಸ್ಸು ಎಲ್ಲ ತುಂಬಿ, ರಾಜ್ಯ ಯಾವುದು ಎಂಬಲ್ಲಿಗೆ ಬಂದಾಗ ಸೆಂಟರಿನವನ ಕೈ ನಿಂತಿತು. ಕೋರ್ಸಿನವರ ಪಟ್ಟಿ ಹಳೆಯದು. ಅದರಲ್ಲಿ ಆಂಧ್ರ ಇತ್ತು, ತೆಲಂಗಾಣ ಇರಲಿಲ್ಲ.

"ಆಂಧ್ರ ಒತ್ತಪಾ, ನಡೀತದ," ಅಂದೆ.

ಅವನು ಮೌಸಿನ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಸಾರ್, ತೆಲಂಗಾಣ ಬೇಕಂತ ಗದ್ವಾಲ್ ಸ್ಟೇಷನ್ನಿನಾಗ ರೈಲು ನಿಂದ್ರಸಾಕ ಹಳಿ ಮ್ಯಾಲ ಕುಂತೀನಿ. ಈಗ ನನ್ನ ಕೈಲೇ ಇದನ್ನ ಒತ್ತಸ್ತೀರೇನು?"

"ಒತ್ತದಿದ್ರ ಮುಂದಕ್ಕ ಹೋಗಂಗಿಲ್ಲಲ್ಲ."

"ರೈಲೂ ಹೋಗಿದ್ದಿಲ್ರಿ ಸಾರ್."

ನನ್ನ ಹೆಂಡತಿ ನಡುವೆ ಬಂದಳು. "ತಮ್ಮಾ, ಇವರು ಕನ್ನಡ ಮಾಸ್ತರು. ಕರ್ನಾಟಕ ಒತ್ತು. ಯಾರು ಬಂದು ನೋಡ್ತಾರ."

ಅವನು ಖುಷಿಯಿಂದ ಒತ್ತಿದ.

ಇಲ್ಲಿ ನಮ್ಮ ಅತ್ತೆಯವರ ವಿಷಯ ಹೇಳಬೇಕು. ಅವರು ಗದ್ವಾಲಿನವರು, ಮಾವನವರು ಹೋದ ಮೇಲೆ ನಮ್ಮೊಂದಿಗೇ ಇದ್ದಾರೆ. ಹಳೆಯ ಕಟ್ಟಿನವರು, ಅಳಿಯನ ಎದುರು ನಿಂತು ಮಾತಾಡಿದವರಲ್ಲ. ನಾನು ಎದುರಿಗೇ ಕೂತಿದ್ದರೂ "ನಿನ್ನ ಗಂಡಗ ಹೇಳು, ಊಟಕ್ಕ ಏಳ್ರಿ ಅಂತ" ಎಂದು ಮಗಳ ಮೂಲಕವೇ ಹೇಳಿಸುತ್ತಿದ್ದರು. ಮಗಳು ಅದನ್ನು ಇನ್ನೊಮ್ಮೆ ಹೇಳುವ ಗೋಜಿಗೆ ಹೋಗದೆ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ನಾನು ಏಳುತ್ತಿದ್ದೆ.

ಅವತ್ತು ಮನೆಗೆ ಬಂದು ಅವಳು ಹೇಳಿದಳು: "ಅವ್ವಾ, ನೀ ನಿಜಾಮನ ರಾಜ್ಯ ನೋಡಿದಿ, ಆಂಧ್ರ ನೋಡಿದಿ, ತೆಲಂಗಾಣ ನೋಡಿದಿ. ಇವತ್ತು ನಾವಿಬ್ರೂ ಕುಂತ ಕುರ್ಚಿ ಬಿಡದೇ ಕರ್ನಾಟಕಕ್ಕ ಹೋಗಿ ಬಂದ್ವಿ."

ಒಳಗಿನಿಂದ ಅತ್ತೆ ಅಂದರು: "ನಿನ್ನ ಗಂಡಗ ಕೇಳು, ಅಲ್ಲಿ ರೇಷನ್ನಿನಾಗ ಜ್ವಾಳ ಕೊಡ್ತಾರೇನು ಅಂತ."

ಜೊತೆಗಾರರು

ಜೊತೆಗಾರರೊಂದಿಗೆ ಮಾತಾಡುತ್ತ ಕಲಿತದ್ದು ಹೆಚ್ಚು ಉಳಿಯುತ್ತದೆ ಎನ್ನುವುದು ಆ ಕೋರ್ಸಿನ ನಂಬಿಕೆ. ಹಾಗಾಗಿ ಒಬ್ಬೊಬ್ಬರಿಗೂ ಒಬ್ಬೊಬ್ಬರು ಜೊತೆಗಾರರು. ನನಗೆ ಅವಳು, ಅವಳಿಗೆ ನಾನು. ಒಂದೇ ಮಂಚದ ಎರಡು ತುದಿಯಲ್ಲಿ ಕೂತು ಇಬ್ಬರೂ ಫೋನಿನಲ್ಲಿ ಬರೆದು ಚರ್ಚೆ ಮಾಡುತ್ತಿದ್ದೆವು.

ಅವಳು ಹೋದ ಮೇಲೆ ವಾರ ವಾರವೂ ನನಗೊಂದು ಸಂದೇಶ ಬರತೊಡಗಿತು. ಕರ್ನಾಟಕದವನೆಂದು ಕನ್ನಡದಲ್ಲೇ ಬರುತ್ತಿತ್ತು. "ನಿಮ್ಮ ಜೊತೆಗಾರರು ಇನ್ನೂ ಉತ್ತರಿಸಿಲ್ಲ. ದಯವಿಟ್ಟು ಅವರನ್ನು ಹುರಿದುಂಬಿಸಿ."

ಕೆಲವು ವಾರ ಸುಮ್ಮನಿದ್ದೆ. ಆಮೇಲೆ ಅವರ ಕಚೇರಿಗೆ ಫೋನ್ ಮಾಡಿದೆ. ಕಿವಿ ಸ್ವಲ್ಪ ಮಂದ, ಸ್ಪೀಕರ್ ಹಾಕಿದ್ದೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ ಕೇಳಿದಳು: "ಜೊತೆಗಾರರು ತುಂಬಾ ದಿನದಿಂದ ಬಂದೇ ಇಲ್ಲ ಸರ್. ಬೇರೆಯವರನ್ನು ಜೋಡಿ ಮಾಡಿಕೊಡಲಾ? ತುಂಬಾ ಜನ ಕಾಯ್ತಿದ್ದಾರೆ."

"ಬೇಡಮ್ಮ," ಎಂದು ಫೋನ್ ಇಟ್ಟೆ.

ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಮಗಳು ಹೋದ ಮೇಲೆ ನನಗೆ ಹೇಳಬೇಕಾದ ಮಾತನ್ನೆಲ್ಲ ಅವರು ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದರು. ಅವತ್ತೂ ಅದರ ಕಡೆಗೇ ತಿರುಗಿದರು. "ಬೀಗರಾದ್ರೂ ವರ್ಷಾಂತಿಕ ಆಗ್ಲಿ ಅಂತ ಬಾಯಿ ಮುಚ್ಚಿಕೊಂಡಾರ. ಈ ಹುಡುಗಿಗೇನು ಅವಸರ ಅಂತ ಕೇಳು."

ಬಾಗಿಲು ನನ್ನನ್ನು ಏನೂ ಕೇಳಲಿಲ್ಲ.

ಬೋರ್ಡಿನ ಮೇಲೆ ಬರೆದದ್ದು

ಕೋರ್ಸಿನ ನೆಪದಲ್ಲಿ ಹುಡುಕುವಾಗ ಒಂದು ಒಳ್ಳೆಯ ಬರಹ ಸಿಕ್ಕಿತು. ಪಾಠ ಮುಗಿದಾಗ ಮಕ್ಕಳು ಏನು ಮಾಡಬಲ್ಲರು ಎಂಬುದನ್ನು ಮೊದಲೇ ಅವರಿಗೆ ಹೇಳಿಬಿಡಿ, ಆಗ ಅವರಿಗೆ ದಾರಿ ಕಾಣುತ್ತದೆ ಎಂದಿತ್ತು. ನನಗೆ ಸರಿ ಅನಿಸಿತು. ಮರುದಿನ ಬೋರ್ಡಿನ ಮೇಲೆ ದುಂಡಗೆ ಬರೆದೆ: "ಈ ಪಾಠ ಮುಗಿದಾಗ ನೀವು ಪದ್ಯವನ್ನು ಪುಸ್ತಕ ನೋಡದೆ ಹೇಳಬಲ್ಲಿರಿ."

ಉಟ್ಕೂರ್ ಕಡೆಯ ಕುರುಬರ ಹುಡುಗಿಯೊಬ್ಬಳು ಎದ್ದು ನಿಂತು ಅದನ್ನು ಓದಿದಳು. ಆಮೇಲೆ ಪದ್ಯವನ್ನು ಮೊದಲಿಂದ ಕೊನೆಯವರೆಗೆ ತಪ್ಪಿಲ್ಲದೆ ಹೇಳಿದಳು. ಅಕ್ಕ ಮನೆಯಲ್ಲಿ ಓದುವಾಗ ಕೇಳಿ ಕೇಳಿ ಬಾಯಿಗೆ ಬಂದಿತ್ತಂತೆ. ನಾನು ಶಹಬ್ಬಾಸ್ ಅಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗಮ್ಮ?"

"ಮುಗೀತಲ್ರಿ ಸಾರ್," ಎಂದು ಬೋರ್ಡ್ ತೋರಿಸಿದಳು.

ಹೇಗೋ ಕೂರಿಸಿದೆ. ಮರುದಿನ ಹೆಗಲಿಗೆ ಕಂಬಳಿ ಹಾಕಿಕೊಂಡ ಅವಳ ಅಜ್ಜ ಶಾಲೆಗೇ ಬಂದ. ಜಗಳಕ್ಕೆ ಬಂದನೆಂದು ನಾನು ಕುರ್ಚಿ ಕೊಟ್ಟೆ. ಅವನು ಕೂರಲಿಲ್ಲ.

"ನೀವು ಬೋರ್ಡ್ ಮ್ಯಾಲ ಬರದ್ರ ಪಾಠ ಮುಗೀತಾವಂತಲ್ರಿ. ಪೂರಾ ವರ್ಷದ್ದು ಒಂದ ಸಲ ಬರದುಬಿಡ್ರಿ ಸಾರ್. ಬೀರಪ್ಪನ ಹಬ್ಬಕ್ಕ ನಾವು ನೆಂಟರ ಊರಿಗೆ ಹೋಗಾದೈತಿ."

ಗದ್ವಾಲಿನಲ್ಲಿ ವಿಡಿಯೊ

ಕೋರ್ಸಿನವರು ನಮ್ಮ ಕಡೆಯವರನ್ನೆಲ್ಲ ಒಂದು ದಿನ ಗದ್ವಾಲಿಗೆ ಕರೆದರು. ಇಂಟರ್ನೆಟ್ಟಿನಲ್ಲಿ ಉಪಯುಕ್ತವಾದದ್ದನ್ನು ಹುಡುಕುವುದು ಹೇಗೆ ಎಂದು ತೋರಿಸುತ್ತಾರಂತೆ. ಪರದೆ ಕಟ್ಟಿದ್ದರು, ಕರೆಂಟೂ ಇತ್ತು. ನೆಟ್ ಇರಲಿಲ್ಲ.

ತರಬೇತಿಗೆ ಬಂದವರು ಒಳ್ಳೆಯ ಮನುಷ್ಯ. ನಮ್ಮನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. "ಇಲ್ಲಿ ವಿಡಿಯೊ ಓಡ್ತಾ ಇದೆ ಅಂದುಕೊಳ್ಳಿ," ಎಂದು ಪರದೆಯ ಮುಂದೆ ತಾವೇ ನಿಂತರು. ಮೊದಲು ಬಾಯಲ್ಲೇ ಸಂಗೀತ. ಆಮೇಲೆ ಬೀಜ ಮೊಳಕೆಯೊಡೆಯುವುದು: ಕುಕ್ಕರುಗಾಲಲ್ಲಿ ಕೂತವರು ನಿಧಾನವಾಗಿ ಎದ್ದು ಎರಡು ಕೈ ಎಲೆ ಮಾಡಿ ನಿಂತರು.

ಹಿಂದಿನಿಂದ ಹಿರಿಯ ಮಾಸ್ತರೊಬ್ಬರು ಕೈ ಎತ್ತಿದರು. "ಸಾರ್, ಸ್ವಲ್ಪ ಹಿಂದಕ್ಕ ತೊಗೋರಿ. ಬೇರು ಬಿಟ್ಟಿದ್ದು ಕಾಣಲಿಲ್ಲ."

ಅವರು ಎಲೆ ಮಡಚಿ, ಮೆಲ್ಲಗೆ ಕುಗ್ಗಿ, ಮತ್ತೆ ಬೀಜವಾದರು.

ಅಷ್ಟರಲ್ಲಿ ಚಹಾದವನು ತಟ್ಟೆ ಹಿಡಿದು ಪರದೆಯ ಮುಂದೆ ಅಡ್ಡ ಬಂದ. ನನ್ನ ಪಕ್ಕದಲ್ಲಿ ನಾರಾಯಣಪೇಟೆಯ ಹೊಸ ಮಾಸ್ತರನೊಬ್ಬ ಕೂತಿದ್ದ, ಅವತ್ತೇ ಪರಿಚಯವಾದವನು. ಅವನು ನಿಟ್ಟುಸಿರುಬಿಟ್ಟ. "ಇಲ್ಲೂ ಅಡ್ವರ್ಟೈಜ್‌ಮೆಂಟ್ ಬಿಡಲಿಲ್ಲ ನೋಡ್ರಿ ಸಾರ್."

ಅವಳು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹಿಂದಿನ ಬೆಂಚಿನ ಹುಡುಗ

ಕೋರ್ಸಿನ ಕೊನೆಯ ಕೆಲಸ ಇಷ್ಟು: ಮಾತೃಭಾಷೆಯಲ್ಲಿರುವ ಒಂದು ಒಳ್ಳೆಯ ಪಾಠವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಅದರಿಂದ ಒಬ್ಬರು ಹೇಗೆ ಕಲಿತರೆಂದು ಬರೆಯಬೇಕು. ಇಂಗ್ಲಿಷಿನಲ್ಲಿ ರಾಶಿ ಇದ್ದವು, ತೆಲುಗಿನಲ್ಲೂ ಇದ್ದವು. ಕನ್ನಡದಲ್ಲಿ ನನಗೆ ಸಿಕ್ಕಿದವರೆಲ್ಲ ಪುಸ್ತಕ ಹಿಡಿದು ಓದುತ್ತಿದ್ದರು. ಕಳಿಸುವ ಗಡುವು ಹತ್ತಿರವಾಯಿತು. ಅವಳು ಶುರು ಮಾಡಿದ್ದು ನನ್ನ ಕೈಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ ಅನಿಸಿತು.

ಆಗ ನಾರಾಯಣಪೇಟೆಯ ಆ ಮಾಸ್ತರ ಒಂದು ವಿಡಿಯೊ ಕಳಿಸಿ, ಕೆಳಗೆ ಬರೆದಿದ್ದ: "ಸಾರ್, ನಿಮಗೆ ಬೇಕಾದದ್ದು ಸಿಕ್ಕಿತು. ಟೀಚರ್ ಯಾರೋ ಗೊತ್ತಿಲ್ಲ, ಕೈ ಮಾತ್ರ ಕಾಣುತ್ತದೆ. ಹಿಂದೆ ಒಬ್ಬ ದಡ್ಡ ಹುಡುಗನಿದ್ದಾನೆ. ಅವನಿಂದಲೇ ಪಾಠ ಕಳೆಗಟ್ಟಿದೆ."

ಸಂಜೆ ಮನೆಯಲ್ಲಿ ತೆರೆದೆ. ತಟ್ಟೆಯಲ್ಲಿ ಜೋಳದ ರೊಟ್ಟಿ. ಹಸಿರು ಬಳೆಯ ಎರಡು ಕೈ. ಮೂಲೆಯಲ್ಲಿ ಚಿತ್ರವನ್ನು ಮುಚ್ಚಿದ ಒಂದು ಹೆಬ್ಬೆರಳು. ಹೆಬ್ಬೆರಳು ನನ್ನದು.

ಭಿನ್ನರಾಶಿ ಕಲಿಸಲು ಅವಳೇ ನನ್ನ ಕೈಗೆ ತನ್ನ ಫೋನ್ ಕೊಟ್ಟು ತೆಗೆಸಿದ್ದಳು. ಮಕ್ಕಳು ತಪ್ಪುವ ಹಾಗೆ ನೀವೂ ತಪ್ಪು ಉತ್ತರ ಹೇಳ್ರಿ ಅಂದಿದ್ದಳು. ಅದನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ.

"ಎರಡರಾಗ ಒಂದು ಪಾಲು ದೊಡ್ಡದೋ, ನಾಕರಾಗ ಒಂದು ಪಾಲು ದೊಡ್ಡದೋ?" ಎಂದು ಅವಳ ದನಿ ಕೇಳಿತು.

"ನಾಕರಾಗ ಒಂದು," ಎಂದಿತು ನನ್ನ ದನಿ.

"ಯಾಕ್ರಿ?"

"ನಾಕು ದೊಡ್ಡದಲ್ಲೇನು?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಕೈಯ ಹಿಟ್ಟನ್ನೂ ಕೊಡವದೆ ಬಂದು, ಎಂದೂ ಕೂರದವರು, ನನ್ನ ಪಕ್ಕದಲ್ಲೇ ಕೂತರು. ಫೋನನ್ನೇ ನೋಡಿದರು. ಅದರೊಳಗಿನ ತಟ್ಟೆಗೆ ಬೆರಳು ತೋರಿಸಿ ಅಂದರು: "ಅದು ನಾ ಬಡದ ರೊಟ್ಟಿ. ಅಂಚು ಒಡದೈತಿ, ಬ್ಯಾರೇದು ತೊಗೊ ಅಂತ ಬಡಕೊಂಡೆ. ಕೇಳಲಿಲ್ಲ. ಈಗ ಊರೆಲ್ಲಾ ನೋಡ್ಯಾರ."

ನಾನು ವಿಡಿಯೊದ ಕೆಳಗೆ ಯಾರೋ ಬರೆದದ್ದನ್ನು ಗಟ್ಟಿಯಾಗಿ ಓದಿದೆ. "ಪಾಠ ಚೆನ್ನಾಗಿದೆ ಟೀಚರ್. ಆ ಹುಡುಗ ಎಷ್ಟು ವರ್ಷದಿಂದ ಫೇಲಾಗುತ್ತಿದ್ದಾನೆ? ದನಿ ಒಡೆದು ಬಹಳ ಕಾಲವಾದಂತಿದೆ. ಅಂಥವನಿಗೂ 'ರೀ' ಹಚ್ಚಿ ಮಾತಾಡುತ್ತೀರಲ್ಲ, ನಿಮ್ಮ ತಾಳ್ಮೆ ದೊಡ್ಡದು."

ಅತ್ತೆಯ ಭುಜ ಅಲುಗಿತು. ಅತ್ತರೋ ನಕ್ಕರೋ ಗೊತ್ತಾಗಲಿಲ್ಲ. ಆಮೇಲೆ ಅವರು ಬಾಗಿಲ ಕಡೆ ತಿರುಗಲಿಲ್ಲ. ಫೋನಿಗೇ ಹೇಳಿದರು: "ಯವ್ವಾ, ನಿನ್ನ ಗಂಡಗ ಹೇಳು. ದಿನಾ ಅರ್ಧ ರೊಟ್ಟಿ ಮುರದು ಎದ್ದು ಹೋಗ್ತಾರ. ನಾ ಯಾರಿಗಂತ ಬಡೀಲಿ? ಹೊಟ್ಟಿ ತುಂಬ ಉಣ್ರಿ ಅಂತ ಹೇಳು."

ವಿಡಿಯೊ ಓಡುತ್ತಲೇ ಇತ್ತು. ಅವಳು ರೊಟ್ಟಿಯ ಕಾಲು ಭಾಗವನ್ನು ಮುರಿದು ಕ್ಯಾಮೆರಾದ ಹಿಂದಿದ್ದ ನನಗೆ ಕೊಟ್ಟಳು. ಅಗಿಯುವ ಸದ್ದು.

"ಇಷ್ಟಕ್ಕ ಹೊಟ್ಟಿ ತುಂಬ್ತೇನ್ರಿ?"

"ಇಲ್ಲ."

"ಈಗ ತಿಳೀತೇನ್ರಿ?"

"ತಿಳೀತು."

ಕೊನೆಯ ಕೆಲಸವನ್ನು ಮರುದಿನವೇ ಬರೆದು ಕಳಿಸಿದೆ. ಕಲಿತವರು ಯಾರು ಎಂಬಲ್ಲಿ ನನ್ನ ಹೆಸರನ್ನೇ ಹಾಕಿದೆ.

ಆದರೆ ಆ ಸಂಜೆ ವಿಡಿಯೊ ಮುಗಿದ ಮೇಲೆ ಅತ್ತೆ ಎದ್ದು ಹೋಗಿ, ತಟ್ಟೆಯಲ್ಲಿ ಇಡೀ ರೊಟ್ಟಿ ತಂದು ನನ್ನ ಮುಂದೆ ಇಟ್ಟರು. ಆರಿಹೋದ ಫೋನಿನ ಕಡೆ ಗಲ್ಲ ತೋರಿಸಿ, ಮೊದಲ ಸಲ ನನ್ನ ಮುಖ ನೋಡಿಯೇ ಅಂದರು:

"ಇನ್ನೊಂದ ಸಲ ಹಚ್ರಿ. ಒಮ್ಮೆ ಹೇಳಿದ್ರ ತಿಳಿಯೋ ಹುಡುಗ ಅಲ್ಲಂತಲ್ಲ."