ಅಳಿಯನ ಕತ್ತಿಗೆ ಅರಿಶಿನ ಕುಂಕುಮ

ಐವತ್ತರ ಹತ್ತಿರ ಬಂದ ಗಂಡಸರಿಗೆ ಏನಾದರೊಂದು ಹಿಡಿಯುತ್ತದೆ. ನಮ್ಮ ಯಜಮಾನರಿಗೆ ರೇಡಿಯೋ ಹಿಡಿದಿತ್ತು. ಕೆಟ್ಟ ರೇಡಿಯೋ ತರುವುದು, ಬಿಚ್ಚುವುದು, ಇನ್ನಷ್ಟು ಕೆಡಿಸಿ ಅಟ್ಟಕ್ಕೆ ಏರಿಸುವುದು. ಆಗೆಲ್ಲ ಬಯ್ಯುತ್ತಿದ್ದೆ, ಅವರು ಹೋದ ಮೇಲೆ ಕೆಟ್ಟ ರೇಡಿಯೋ ಕಂಡರೆ ನಿಂತು ಸೆರಗಿನಿಂದ ಧೂಳು ಒರೆಸುತ್ತೇನೆ. ಹಾಗಾಗಿ ನನ್ನ ಅಳಿಯ ರಘು ಮೆಲ್ಬರ್ನಿನಿಂದ ಒಂದು ಜಪಾನಿ ಕತ್ತಿ ಕೊಂಡು ತಂದಾಗ, ಸಿಡ್ನಿಯ ಸ್ಕೋಫೀಲ್ಡ್ಸ್‌ನ ಆ ಮನೆಯಲ್ಲಿ ಅವನ ಪಾರ್ಟಿ ಸೇರಿದವಳು ನಾನೊಬ್ಬಳೇ.

ಮಗಳು ವೀಣಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. "ಅಮ್ಮ, ಬ್ಯಾಕ್‌ಯಾರ್ಡಲ್ಲಿ ಹುಲ್ಲು ಮೊಣಕಾಲಿಗೆ ಬಂದಿದೆ, ಒಂದು ಮೋವರ್ ತನ್ನಿ ಅಂದ್ರೆ ಇವರು ಕತ್ತಿ ತಂದಿದಾರೆ!"

"ಇದು ಡೆಕರೇಟಿವ್ ಪೀಸ್ ಕಣೇ. ಕಲೆಕ್ಟರ್ಸ್ ಇಟ್ಕೊಳ್ಳೋದು. ಏನೂ ಕತ್ತರಿಸೋಕಲ್ಲ."

"ನೀವೂ ಅದೇ ತಾನೆ? ಹತ್ತೊಂಬತ್ತು ವರ್ಷದಲ್ಲಿ ಒಂದು ಈರುಳ್ಳಿ ಕತ್ತರಿಸಿಲ್ಲ."

ನಾರ್ವೆಸ್ಟ್‌ನ ಆಫೀಸಿನಲ್ಲಿ ವಾರವೆಲ್ಲ ಕಂಪ್ಯೂಟರ್ ನೋಡಿ ಸೊರಗುವ ರಘು, ಭಾನುವಾರ ಮಧ್ಯಾಹ್ನ ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಕೂಸು ಆಡಿಸುವ ತಂದೆಯ ಹಾಗೆ ಕಾಣುತ್ತಿದ್ದ. ಮೆತ್ತನೆಯ ಕಾಗದದಲ್ಲಿ ಒರೆಸಿ, ಲವಂಗದ ವಾಸನೆಯ ಎಣ್ಣೆ ಸವರುವನು. ಮನೆಯೆಲ್ಲ ಡೆಂಟಿಸ್ಟ್ ಕ್ಲಿನಿಕ್ಕಿನಂತೆ ನಾರುವುದು. "ನೋಡಿ ಅತ್ತೆ, ಅಂಚಿನ ಉದ್ದಕ್ಕೂ ಅಲೆ ಥರ ಬಿಳಿ ಗೆರೆ ಇದೆಯಲ್ಲ? ಪೇಂಟ್ ಅಲ್ಲ. ಬೆನ್ನಿಗೆ ದಪ್ಪ, ಅಂಚಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಅಂಚು ಗಟ್ಟಿಯಾಗುತ್ತೆ, ಬೆನ್ನು ಮೆದುವಾಗಿ ಉಳಿಯುತ್ತೆ. ಎರಡರ ನಡುವಿನ ಗಡಿ ಇದು." ಒರೆಗೆ ಹಚ್ಚಿದ ಕಪ್ಪು ಮೆರುಗು ಚನ್ನಪಟ್ಟಣದ ಗೊಂಬೆಯನ್ನು ನಾಚಿಸುವಂತಿತ್ತು. ಹಿಡಿಗೂ ಅಲಗಿಗೂ ನಡುವಿನ ಹಿತ್ತಾಳೆ ಬಿಲ್ಲೆಯ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ. ನನಗೆ ಮಾತ್ರ ಹಿಡಿಗೆ ಸುತ್ತಿದ ರೇಷ್ಮೆ ಹುರಿಯ ಮೇಲೇ ಕಣ್ಣು. ಎಷ್ಟು ನೇರ್ಪಾಗಿ ಎಡಕ್ಕೆ ಬಲಕ್ಕೆ ಮಡಿಸಿ ಹೆಣೆದಿದ್ದಾರೆಂದರೆ, ನಮ್ಮಮ್ಮ ನನಗೆ ಹಾಕುತ್ತಿದ್ದ ಜಡೆ ನೆನಪಾಯಿತು. ಆ ನೆನಪಿನಲ್ಲಿದ್ದಾಗಲೇ ರಘು "ಅಲಗನ್ನ ಬರಿಗೈಯಲ್ಲಿ ಮುಟ್ಟಬಾರದು" ಎಂದೂ ಹೇಳಿದ್ದನಂತೆ. ಹೇಳಿರಬಹುದು.

"ಮಾಡಿದವನ ಹೆಸರೆಲ್ಲಪ್ಪ?" ಎಂದು ಕೇಳಿದೆ.

"ಹಿಡಿಯ ಒಳಗೆ ಕೊರೆದಿರ್ತಾರೆ. ಬಿಚ್ಚಿದ್ರೆ ಮಾತ್ರ ಕಾಣೋದು."

ಇದು ನನಗೆ ಅಷ್ಟು ಸರಿಬರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಆಗ್ನೆಸ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಹೊಡೆದು ತಿದ್ದಿದ ಕರ್ಸಿವ್ ಅಕ್ಷರ ನನ್ನದು. ಬ್ಯಾಂಕಿನಲ್ಲಿ ನನ್ನ ಸಹಿ ನೋಡಿ ಗುಮಾಸ್ತರು ತಲೆ ಎತ್ತುತ್ತಿದ್ದರು. ಪಕ್ಕದಲ್ಲಿ ಯಾರಾದರೂ ಹೆಬ್ಬೆಟ್ಟು ಒತ್ತುತ್ತಿದ್ದರೆ ನಾನು ಇನ್ನೂ ಸ್ವಲ್ಪ ಉದ್ದವಾಗಿ ಸಹಿ ಮಾಡುತ್ತಿದ್ದೆ. ದೇವರು ಕ್ಷಮಿಸಲಿ, ಜಂಬ.

ಆಯುಧಪೂಜೆ ಬಂತು. ಆ ಮನೆಯ ಆಯುಧಗಳೆಂದರೆ ಎರಡು ಲ್ಯಾಪ್‌ಟಾಪ್, ಮಿಕ್ಸಿ, ಏರ್‌ಫ್ರೈಯರ್, ಕಾರು. ಏರ್‌ಫ್ರೈಯರ್‌ಗೆ ಕುಂಕುಮ ಇಡುವಾಗ ನನಗೇ ನಗು ಬಂತು. ಗೋಡೆಯ ಮೇಲೆ ಸಾಕ್ಷಾತ್ ಆಯುಧ ಕೂತಿದೆ, ಅದಕ್ಕೊಂದು ಹೂವಿಲ್ಲ! ಎಲ್ಲರೂ ಆಫೀಸು, ಸ್ಕೂಲು ಎಂದು ಹೋಗಿದ್ದರು. ಮೆಲ್ಲಗೆ ಇಳಿಸಿ, ಒರೆಯಿಂದ ತೆಗೆದು, ಎಣ್ಣೆ ಜಿಡ್ಡು ಹೋಗಲೆಂದು ಪಾತ್ರೆ ಸೋಪಿನಲ್ಲಿ ತೊಳೆದೆ. ಸೆರಗಿನಲ್ಲಿ ಒರೆಸಿ, ಹೆಬ್ಬೆರಳಿನಿಂದ ಅಲಗನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಉದ್ದಕ್ಕೂ ಗಂಧ, ಅರಿಶಿನ, ಕುಂಕುಮ ಇಟ್ಟೆ. ದೇವರ ಮುಂದೆ ಮಲಗಿಸಿ ಹೂವು ಏರಿಸಿದಾಗ, ಯಜಮಾನರು ಹೋದ ಮೇಲೆ ಮೊದಲ ಸಲ ಹಬ್ಬ ಹಬ್ಬದಂತೆ ಕಂಡಿತು.

ಸಂಜೆ ರಘು ಒಂದು ಕಾಲಿನ ಶೂ ಬಿಚ್ಚಿದವನು ಇನ್ನೊಂದನ್ನು ಮರೆತು ನಿಂತುಬಿಟ್ಟ. ಮೊಮ್ಮಗಳು ಅನಿಕಾ ಬಾಯಿ ತೆರೆದಳು. "ಅಜ್ಜಿ! ಯೂ ವಾಶ್ಡ್ ಇಟ್? ವಿತ್ ಡಿಶ್ ಸೋಪ್?"

ರಘು ಜೇಬಿನಿಂದ ಟಿಶ್ಯೂ ತೆಗೆದು ಬಗ್ಗಿದ. ನಾನು ಕೂಗಿದೆ. "ಅಯ್ಯೋ, ಮುಟ್ಟಬೇಡಪ್ಪಾ! ಪೂಜೆಗಿಟ್ಟದ್ದನ್ನ ನಾಳೆ ಬೆಳಿಗ್ಗೆವರೆಗೂ ಕದಲಿಸೋ ಹಾಗಿಲ್ಲ."

ಅವನು ಒಂದು ಕ್ಷಣ ಕತ್ತಿಯನ್ನು ನೋಡಿದ, ಒಂದು ಕ್ಷಣ ನನ್ನನ್ನು. "ಸರಿ ಅತ್ತೆ" ಎಂದು ಟಿಶ್ಯೂ ಮಡಿಸಿಟ್ಟುಕೊಂಡು, ನಮಸ್ಕಾರ ಮಾಡಿ, ಎರಡು ಹೋಳಿಗೆ ತಿಂದ.

ಬೆಳಿಗ್ಗೆ ಕುಂಕುಮ ಒರೆಸಿದರೆ, ಅದರಡಿ ಕಾಫಿ ಬಣ್ಣದ ಚುಕ್ಕೆಗಳ ಸಾಲು. ಹಿಡಿಯ ಹತ್ತಿರ ನನ್ನ ಹೆಬ್ಬೆರಳು, ಸುರುಳಿ ಸುರುಳಿ ರೇಖೆಗಳ ಸಮೇತ, ತುಕ್ಕಿನಲ್ಲಿ ಅಚ್ಚಾಗಿತ್ತು. "ಪರವಾಗಿಲ್ಲ ಅತ್ತೆ" ಎಂದ ರಘು. ಪರವಾಗಿಲ್ಲ ಎನ್ನುವ ಅಳಿಯನಿಗಿಂತ ಕೂಗಾಡುವ ಅಳಿಯ ಎಷ್ಟೋ ವಾಸಿ.

ನಾನು ವರ್ಷದಲ್ಲಿ ಆರು ತಿಂಗಳು ಸಿಡ್ನಿಯಲ್ಲಿ ಮಗಳ ಮನೆ, ಆರು ತಿಂಗಳು ಮೆಲ್ಬರ್ನಿನಲ್ಲಿ ಮಗನ ಮನೆ. ಮರುವಾರ ರಘುವೇ ನನ್ನನ್ನು ಕಾರಿನಲ್ಲಿ ಮೆಲ್ಬರ್ನಿಗೆ ಕರೆದೊಯ್ದ. ಡಿಕ್ಕಿಯಲ್ಲಿ ನನ್ನ ಸೂಟ್‌ಕೇಸ್ ಪಕ್ಕ ಕಂಬಳಿ ಹೊದ್ದ ಕತ್ತಿ. ಪ್ರತಿ ವರ್ಷ ದಾರಿಯಲ್ಲಿ ಗೋಲ್ಬರ್ನ್ ಊರು ದಾಟುವ ಮೊದಲೇ "ಏಪ್ರಿಲ್‌ಗೆ ವಾಪಸ್ ಟಿಕೆಟ್ ಬುಕ್ ಮಾಡ್ಲಾ ಅತ್ತೆ?" ಎಂದು ಕೇಳುತ್ತಿದ್ದ. ಈ ಸಲ ಗೋಲ್ಬರ್ನ್ ಹೋಯಿತು, ಆಲ್ಬರಿಯೂ ಹೋಯಿತು, ಕೇಳಲಿಲ್ಲ. ಮಜ್ಜಿಗೆ ಮೆಣಸಿನಕಾಯಿಯ ಡಬ್ಬಿ ಹಿಡಿದು ನಾನು ಕಿಟಕಿಯಾಚೆಯ ಕುರಿಗಳನ್ನು ಎಣಿಸಿದೆ. ಇನ್ನು ಆ ಮನೆಗೆ ಯಾವ ಮುಖ ಇಟ್ಟುಕೊಂಡು ಬರಲಿ?

ಮೆಲ್ಬರ್ನಿನಲ್ಲಿ ನಾವು ಮೊದಲು ಹೋದದ್ದು ಕತ್ತಿ ಮಾರಿದ ಕೀತ್ ಎಂಬ ಮುದುಕನ ಗರಾಜಿಗೆ; ರಿಪೇರಿಯನ್ನೂ ಅವನು ಅಲ್ಲೇ ಮಾಡುತ್ತಾನೆ. ಪುಟ್ಟ ಸುತ್ತಿಗೆಯಿಂದ ಬಿದಿರಿನ ಮೊಳೆಯೊಂದನ್ನು ತಟ್ಟಿ ತೆಗೆದ. ಹಿಡಿ ಕಳಚಿ ಬಂತು. ಒಳಗೆ ಮಾಡಿದವನ ಹೆಸರು. ಅಲಗನ್ನು ಬೆಳಕಿಗೆ ಹಿಡಿದು, ಸಂಜೆಯೇ ಒರೆಸಿದ್ದರೆ ಏನೂ ಆಗುತ್ತಿರಲಿಲ್ಲ, ಯಾಕೆ ಬಿಟ್ಟೆ ಮೇಟ್, ಎಂದು ಕೇಳಿದ.

ರಘು ನನ್ನ ಕಡೆ ನೋಡದೆ ಹೇಳಿದ: "ಇಟ್ ವಾಸ್ ಇನ್ ಪೂಜಾ. ಮೈ ಮದರ್ ಇನ್ ಲಾ ಸೆಡ್, ಟುಮಾರೋ."

ಕತ್ತಿಯ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಕಾರಣವೇ ಇಲ್ಲವೆಂಬಂತೆ ಕೀತ್ ತಲೆಯಾಡಿಸಿದ. ನಾನು ರಘುವಿನ ಕಡೆ ತಿರುಗಿದೆ. "ತುಕ್ಕು ಹಿಡಿಯುತ್ತೆ ಅಂತ ಗೊತ್ತಿದ್ದೂ ಸುಮ್ಮನಿದ್ಯಾ ರಘು?"

"ಮಾವ ಹೋದ ಮೇಲೆ ನೀವು ಹಬ್ಬದಲ್ಲಿ ಅಷ್ಟು ಸಡಗರ ಪಟ್ಟಿದ್ದು ನಾನು ನೋಡೇ ಇರ್ಲಿಲ್ಲ ಅತ್ತೆ."

ಕಣ್ಣೊರೆಸಿಕೊಳ್ಳಲು ಮರೆ ಬೇಕಿತ್ತು. ಹಿಡಿಯನ್ನು ಕೈಗೆ ತೆಗೆದುಕೊಂಡು, ಹುರಿಯ ಸಂದಿನಲ್ಲಿ ಕಾಣುವ ಈ ಬಿಳಿ ಹರಳು ಹರಳಾದದ್ದು ಏನೆಂದು ಕೀತ್‌ನನ್ನು ಕೇಳಿದೆ. "ಸ್ಟಿಂಗ್‌ರೇ ಸ್ಕಿನ್" ಎಂದ. ಮೀನಿನ ಚರ್ಮ! ದೇವರ ಮುಂದೆ, ಹೋಳಿಗೆ ನೈವೇದ್ಯದ ಪಕ್ಕ, ಒಂದು ಹಗಲು ಒಂದು ರಾತ್ರಿ!

"ಅದೂ ಗೊತ್ತಿತ್ತಾ?"

"ಹೇಳಿದ್ರೆ ನೀವು ಮೂರು ದಿನ ಉಪವಾಸ ಕೂರ್ತಿದ್ರಿ."

ಚುಕ್ಕೆಗಳು ಉಜ್ಜಿದರೆ ಹೋಗುತ್ತವೆ, ಹೆಬ್ಬೆರಳ ಗುರುತು ಆಳಕ್ಕಿಳಿದಿದೆ, ಅಲಗನ್ನೇ ಸ್ವಲ್ಪ ಸವೆಸಬೇಕು ಎಂದ ಕೀತ್. ರಘು ಯೋಚಿಸಲೂ ಇಲ್ಲ. "ಅದು ಇರ್ಲಿ. ಲೀವ್ ಇಟ್." ಆಮೇಲೆ ಕಾರಿನ ಬಾಗಿಲು ತೆಗೆಯುತ್ತ, "ಏಪ್ರಿಲ್‌ಗೆ ಬುಕ್ ಮಾಡ್ಲಾ ಅತ್ತೆ? ಆವಾಗಿಂದ ಕೇಳೋಣ ಅಂತಿದ್ದೆ, ನೀವು ಕುರಿ ಎಣಿಸ್ತಾ ಇದ್ರಿ" ಎಂದ.

ಈಗ ಕತ್ತಿ ಮತ್ತೆ ಸ್ಕೋಫೀಲ್ಡ್ಸ್‌ನ ಗೋಡೆಯ ಮೇಲಿದೆ. ಬಂದವರಿಗೆಲ್ಲ ರಘು ಅಲೆಯ ಗೆರೆ ತೋರಿಸುತ್ತಾನೆ, ಚಿಟ್ಟೆ ತೋರಿಸುತ್ತಾನೆ, ಕೊನೆಗೆ "ಇದು ನಮ್ಮತ್ತೆಯವರ ಸೈನ್" ಎನ್ನುತ್ತಾನೆ. ಬೆಂಕಿಯ ಮುಂದೆ ಬೆವರು ಸುರಿಸಿ ಬಡಿದವನ ಹೆಸರು ಹಿಡಿಯೊಳಗೆ ಅಡಗಿ ಕೂತಿದೆ. ಅರ್ಧ ಗಂಟೆ ಸೋಪು ಹಾಕಿದವಳದು ನಾಲ್ಕು ಜನರ ಮುಂದೆ ಮೆರೆಯುತ್ತಿದೆ. ಸಿಸ್ಟರ್ ಆಗ್ನೆಸ್ ಅಷ್ಟು ಕಷ್ಟಪಟ್ಟು ತಿದ್ದಿದ ಕೈ, ಕೊನೆಗೆ ಈ ಲೋಕದಲ್ಲಿ ಉಳಿಸಿದ್ದು ಒಂದು ಹೆಬ್ಬೆಟ್ಟು. ಅದೂ ನೆಟ್ಟಗೆ ಬಂದಿಲ್ಲ.