ನಿಜಗುಣನ ಮಣಿಕಟ್ಟಿಗೆ ಗಡಿಯಾರ ಬಂದ ಪರಾಕ್ರಮ

ಎಲೈ ಕಾಲವೇ, ಹುಟ್ಟಿದವರನ್ನೆಲ್ಲ ಓಡಿಸಿ, ದಣಿಸಿ, ಕೊನೆಗೆ ಮಲಗಿಸುವ ನಿರ್ದಾಕ್ಷಿಣ್ಯಮೂರ್ತಿಯೇ, ಒಂದು ಗಳಿಗೆ ನಿಂತು ನನ್ನ ಮಾತಿಗೆ ಸಾಕ್ಷಿಯಾಗು. ಯಾವ ಯುಗದಲ್ಲಿ ಎಲ್ಲರ ಕಿಸೆಯಲ್ಲೂ ಗಂಟೆ ಹೇಳುವ ಯಂತ್ರವಿದ್ದು ಒಬ್ಬರೂ ಹೇಳಿದ ಹೊತ್ತಿಗೆ ಬರುವುದಿಲ್ಲವೋ, ಯಾವ ಯುಗದಲ್ಲಿ ವಿದ್ಯೆಗಿಂತ ಮೊದಲು ಕೋಟು, ಕೋಟಿಗಿಂತ ಮೊದಲು ಕೋಟಿನ ಫೋಟೋ ಬರುತ್ತದೋ, ಆ ಘನಘೋರ ಯುಗದಲ್ಲಿ, ಕಲ್ಲೂರುಪೇಟೆಯೆಂಬ ಧೂಳಿಧೂಸರಿತ ತಾಲ್ಲೂಕು ಕೇಂದ್ರದಲ್ಲಿ, ಕೃಷ್ಣವಸ್ತ್ರಧಾರಿಯೂ ಶ್ವೇತಕಂಠಪಟ್ಟಿಕಾಲಂಕೃತನೂ ಆದ ನಿಜಗುಣನೆಂಬ ಆರು ತಿಂಗಳ ಎಳೆಯ ವಕೀಲನು ತನ್ನ ಜೀವಮಾನದ ಮೊದಲ ಕೈಗಡಿಯಾರವನ್ನು ಕೊಂಡ ಮಹಾಕಥೆಯನ್ನು ಹೇಳುತ್ತೇನೆ. ಹೇಳದಿದ್ದರೆ ಲೋಕಕ್ಕೇನೂ ನಷ್ಟವಿಲ್ಲ. ಆದರೆ ನನಗೆ ಹೊಟ್ಟೆ ಉರಿಯುತ್ತಿದೆ, ಹೇಳಿಯೇ ತೀರುತ್ತೇನೆ.

ಕಾರಣವನ್ನು ಕೇಳಿ. ಗುರುವಾರ ಮಧ್ಯಾಹ್ನ ನ್ಯಾಯಾಧೀಶರು ಗಂಭೀರವಾಗಿ ಕೂತು ಸಾಕ್ಷಿ ಕೇಳುತ್ತಿರುವಾಗ ಈ ಮಹಾನುಭಾವನ ಮೊಬೈಲು ಕಿಸೆಯೊಳಗಿಂದ ಕುಣಿತದ ಹಾಡನ್ನು ಒದರಿತು. ಮೊಬೈಲು ಶುಕ್ರವಾರ ಸಂಜೆಯವರೆಗೆ ಗುಮಾಸ್ತರ ಡ್ರಾಯರಿನಲ್ಲಿ ಬಂಧಿಯಾಯಿತು. "ಟೈಮ್ ನೋಡೋಕೆ ಮೊಬೈಲ್ ಇಟ್ಕೊಂಡಿದ್ದೆ ಮೇಡಂ" ಎಂದು ಇವನು ಹಲ್ಲುಗಿಂಜಿದಾಗ, ಇವನ ಹಿರಿಯ ವಕೀಲೆ ವಿಶಾಲಾಕ್ಷಮ್ಮನವರು ಕನ್ನಡಕದ ಮೇಲಿಂದ ನೋಡಿದರು.

"ಎಲ್ಲರ ಹಾಗೆ ಒಂದು ವಾಚ್ ಕಟ್ಟಪ್ಪ. ನಾಳೆ ನಾನು ಊರಲ್ಲಿರಲ್ಲ. ಹನುಮಕ್ಕನ ಅರ್ಜಿ ಹನ್ನೊಂದು ಗಂಟೆಗೆ, ಮೊದಲನೇದೇ ಕೂಗ್ತಾರೆ. ನೀನೇ ನಿಂತ್ಕೊ. ಕೂಗಿದಾಗ ಇರ್ಲಿಲ್ಲ ಅಂದ್ರೆ ಅರ್ಜಿ ವಜಾ ಆಗುತ್ತೆ, ನೆನಪಿರ್ಲಿ."

ಹನುಮಕ್ಕನೆಂದರೆ ಬಸ್‌ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವವಳು. ದಾರಿಗೆ ಅಡ್ಡವೆಂದು ಪೊಲೀಸರು ಎಳೆದೊಯ್ದ ಗಾಡಿ ಹನ್ನೊಂದು ದಿನದಿಂದ ಠಾಣೆಯ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು. ಗಾಡಿಯಿಲ್ಲದೆ ಅವಳಿಗೆ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದೆ ಮನೆಯಲ್ಲಿ ಒಲೆಯಿಲ್ಲ. ಸಮಯಕ್ಕೆ ಸರಿಯಾಗಿ ಎದ್ದು ನಿಂತು ನಾಲ್ಕು ಮಾತಾಡಿ ಅದನ್ನು ಬಿಡಿಸುವುದಷ್ಟೇ ನಮ್ಮ ವೀರನ ಕೆಲಸ. ಸಾಧಾರಣ ದಡ್ಡನಿಂದಲೂ ಆಗುವ ಕೆಲಸ. ಆದರೆ ನಿಜಗುಣನು ಸಾಧಾರಣ ದಡ್ಡನಲ್ಲ.

ಶುಕ್ರವಾರ ಬೆಳಿಗ್ಗೆ ಅವನು ದಂಡಯಾತ್ರೆ ಹೊರಟನು. ಜೊತೆಗೆ ಸೋದರಮಾವ ರುದ್ರಮುನಿಯಪ್ಪನೂ ಹೊರಟನು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ ಶಾಲೆಯ ಗಂಟೆ ಹೊಡೆಸಿ, ನಿವೃತ್ತನಾದ ದಿನವೇ ಗಡಿಯಾರ ಬಿಚ್ಚಿ ಎಸೆದು, ಅಂದಿನಿಂದ ಪಂಚಾಂಗವೊಂದನ್ನೇ ನಂಬಿ ಬದುಕಿರುವ ಮಹಾಪುರುಷನೀತ. ಇವನ ಮೊಬೈಲು ಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಉಳಿದಿತ್ತು.

"ಇವತ್ತು ಶುಕ್ರವಾರ ಕಣೋ ಅಳಿಯ. ಹತ್ತೂವರೆಗೆ ರಾಹುಕಾಲ ಹುಟ್ಟುತ್ತೆ. ಅಷ್ಟರೊಳಗೆ ದುಡ್ಡು ಎಣಿಸಿ ಕೊಟ್ಟುಬಿಡಬೇಕು. ರಾಹುಕಾಲದಾಗೆ ತಗಂಡ ವಾಚು ಜನ್ಮಪೂರ್ತಿ ಕೆಟ್ಟ ಟೈಮೇ ತೋರ್ಸೋದು."

"ಹತ್ತೂವರೆಗೆ ಮುಗಿಸಿದ್ರೆ ಹನ್ನೊಂದಕ್ಕೆ ಕೋರ್ಟಿಗೂ ಸರಿಹೋಗುತ್ತೆ ಮಾವ" ಎಂದನು ನಿಜಗುಣ. ಲೆಕ್ಕವೇನೋ ಸರಿಯಾಗಿಯೇ ಇತ್ತು, ಇಡೀ ದಿನದಲ್ಲಿ ಅವನು ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು.

ಶಾಹಿನಾ ವಾಚ್ ಹೌಸೆಂಬ ಕಾಲದುರ್ಗದ ಹೆಬ್ಬಾಗಿಲನ್ನು, ಎಂದರೆ ಅರ್ಧ ಎತ್ತಿದ ಷಟರನ್ನು, ತಲೆತಗ್ಗಿಸಿ ದಾಟಿ ಇಬ್ಬರೂ ಒಳಹೊಕ್ಕರು. ಗೋಡೆಯ ತುಂಬ ಗಡಿಯಾರ, ಗಾಜಿನ ಕೆಳಗೆ ಗಡಿಯಾರ, ಎಲ್ಲಿ ನೋಡಿದರೂ ಗಡಿಯಾರ. ಒಡತಿ ಶಾಹಿನಾ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಎದ್ದಳು. ಆಗ ನಿಜಗುಣನು ಕೋಟಿನ ಎರಡೂ ಅಂಚು ಹಿಡಿದು, ಎದೆಯುಬ್ಬಿಸಿ, ತುಂಬಿದ ಸಭೆಯಲ್ಲಿ ನಿಂತವನಂತೆ ಗರ್ಜಿಸಿದನು:

"ನ್ಯಾಯದೇವತೆಯ ಸನ್ನಿಧಿಯಲ್ಲಿ ವಾದಿಸುವ ಈ ಹಸ್ತವು ಸಾಮಾನ್ಯ ಹಸ್ತವಲ್ಲ! ಎದುರಾಳಿಯು ಕಂಡೊಡನೆ ಕಂಪಿಸಬೇಕು, ಕಕ್ಷಿದಾರನು ಕಂಡೊಡನೆ ಕೈಮುಗಿಯಬೇಕು, ಅಂಥ ಗಡಿಯಾರವನ್ನು ತೋರಿಸಿ!"

"ಬಜೆಟ್ ಎಷ್ಟು ಸಾರ್?" ಎಂದಳು ಶಾಹಿನಾ.

"ಎರಡೂವರೆ ಸಾವಿರ" ಎಂದನು ವೀರ, ದನಿ ಇಳಿಸಿ.

ಅವಳು ಬಿಳಿಯ ಮುಖದ, ತೆಳ್ಳನೆಯ, ಕಪ್ಪು ಚರ್ಮದ ಪಟ್ಟಿಯ ಒಂದು ವಾಚನ್ನು ಮುಂದಿಟ್ಟಳು. "ಇದು ನೋಡಿ, ಸಾವಿರದ ಎಂಟ್ನೂರು. ಅಂಕಿ ದಪ್ಪಕ್ಕಿದಾವೆ, ದೂರದಿಂದ್ಲೇ ಕಾಣುತ್ತೆ. ಕೋಟಿನ ತೋಳೊಳಗೆ ಸಲೀಸಾಗಿ ಹೋಗುತ್ತೆ. ಹೊಸದಾಗಿ ಕೆಲ್ಸಕ್ಕೆ ಸೇರಿದೋರಿಗೆ ನಾನು ಇದನ್ನೇ ಕೊಡೋದು."

ಬೇಕಾದದ್ದು ಅದೇ. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೊದಲು ತೋರಿಸಿದ್ದನ್ನೇ ಕೊಂಡರೆ ಗಂಡಸರ ಮರ್ಯಾದೆ ಏನಾದೀತು? "ಇದು ಗುಮಾಸ್ತರ ವಾಚು" ಎಂದು ನಿಜಗುಣನು ಮೂಗು ಮುರಿದನು. ಶಾಹಿನಾ ಮೇಲಿನ ಡಬ್ಬಗಳನ್ನು ಇಳಿಸಲು ಏಣಿ ಹತ್ತಿದಳು. ರುದ್ರಮುನಿಯಪ್ಪನು ಗೋಡೆಯತ್ತ ಕಣ್ಣು ಹಾಯಿಸಿದನು. ಹತ್ತು ಗಂಟೆ ಹತ್ತು ನಿಮಿಷ.

"ಅವಸರ ಐತೆ ಅಂತ ಗೊತ್ತಾದ್ರೆ ರೇಟು ಇಳಿಸಲ್ಲ, ಸುಮ್ನಿರು" ಎಂದು ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದನು. "ಇನ್ನೂ ಇಪ್ಪತ್ತು ನಿಮಿಷ ಐತೆ."

ಅಲ್ಲಿಂದ ಮಹಾಸಂಗ್ರಾಮವು ಭುಗಿಲೆದ್ದಿತು. ತ್ರಿಲಘುವೃತ್ತಗರ್ಭಿತವೂ ದೈತ್ಯಾಕಾರವೂ ಆದ ವಾಚೊಂದು ರಂಗಕ್ಕಿಳಿಯಿತು.

"ಈ ಮೂರು ಸಣ್ಣ ಮುಳ್ಳು ಏನು ತೋರಿಸ್ತವೆ?"

"ಏನೂ ಇಲ್ಲ ಸಾರ್, ಚೆಂದಕ್ಕೆ."

ಏನೂ ತೋರಿಸದಿದ್ದರೂ ಎಲ್ಲರಿಗೂ ಕಾಣಿಸುವುದೆಂಬ ಗುಣವು ನಿಜಗುಣನಿಗೆ ಬಹಳ ಹಿಡಿಸಿತು, ಸ್ವಜಾತಿಪ್ರೇಮವಿರಬೇಕು. ಕಟ್ಟಿಕೊಂಡು ಕೋಟಿನ ತೋಳು ಎಳೆದನು. ತೋಳು ವಾಚಿಗೆ ಸಿಕ್ಕಿಕೊಂಡಿತು. ಇನ್ನೂ ಎಳೆದನು, ಗುಂಡಿ ಕಿತ್ತು ಗಾಜಿನ ಮೇಲೆ ಉರುಳಿತು. ಮಾವನು ಹಳದಿ ಸರಪಳಿಯ ಸ್ವರ್ಣವರ್ಣರಂಜಿತ ವಾಚನ್ನು ಎತ್ತಿ ಹಿಡಿದು, "ಇದು ಕಣೋ ವಾಚು! ನಾಳೆ ಹೆಣ್ಣು ನೋಡಕ್ಕೆ ಹೋದ್ರೆ ಕೈ ಫಳಫಳ ಅನ್ಬೇಕು" ಎಂದು ಹೂಂಕರಿಸಿದನು. "ಬೆವರು ತಾಗಿದ್ರೆ ಆರು ತಿಂಗಳಿಗೆ ಬಣ್ಣ ಹೋಗುತ್ತೆ ಯಜಮಾನ್ರೇ" ಎಂದಳು ಶಾಹಿನಾ. ನೂರು ಮೀಟರು ನೀರಿನಡಿಯಲ್ಲೂ ಕೆಡದ ವಾಚು ಬಂದಿತು. ಕಲ್ಲೂರುಪೇಟೆಯ ಕೆರೆಯಲ್ಲಿ ಮಂಡಿಯುದ್ದ ನೀರಿಲ್ಲ, ನಮ್ಮ ವೀರನಿಗೆ ಈಜೂ ಬಾರದು. ಆದರೂ ಅದರ ಗುಣಾವಗುಣಗಳನ್ನು ಮಾವ ಅಳಿಯ ಇಬ್ಬರೂ ಮುಳುಗುವ ಹಡಗಿನ ಮೇಲೆ ನಿಂತವರಂತೆ ಚರ್ಚಿಸಿದರು.

ನಡುನಡುವೆ ರುದ್ರಮುನಿಯಪ್ಪನು ಗೋಡೆ ನೋಡುತ್ತಿದ್ದನು. ಹತ್ತು ಗಂಟೆ ಹತ್ತು ನಿಮಿಷ. ಟೀ ತರಿಸಿ ಕುಡಿದರು. ಹತ್ತು ಗಂಟೆ ಹತ್ತು ನಿಮಿಷ. ಪಟ್ಟಿ ಕಂದೋ ಕಪ್ಪೋ ಎಂದು ಮುನಿಸಿಕೊಂಡು, ರಾಜಿಯಾಗಿ, ಮತ್ತೆ ಮುನಿಸಿಕೊಂಡರು. ಹತ್ತು ಗಂಟೆ ಹತ್ತು ನಿಮಿಷ. "ನೋಡಿದ್ಯೇನೋ ಅಳಿಯ" ಎಂದು ಮಾವನು ಭಕ್ತಿಯಿಂದ ಪಿಸುಗುಟ್ಟಿದನು, "ಒಳ್ಳೇ ಗಳಿಗೆ ನಮಗೋಸ್ಕರ ನಿಂತೈತೆ. ನಮ್ಮ ಹಿರೀಕರ ಪುಣ್ಯ!" ಅಳಿಯನು ತಲೆದೂಗಿದನು. ಕಾನೂನು ಓದಿದ ತಲೆ ಸ್ವಾಮಿ ಅದು, ಐದು ವರ್ಷ ಓದಿದ್ದು! ಅಯ್ಯೋ ನಿನ್ನ ಓದಿಗಿಷ್ಟು ಬೆಂಕಿ ಹಾಕ!

ಕೊನೆಗೆ ಸೈನ್ಯವೆಲ್ಲ ದಣಿದ ಮೇಲೆ, ಇಪ್ಪತ್ತಮೂರು ವಾಚುಗಳು ಗಾಜಿನ ಮೇಲೆ ಸೋತು ಬಿದ್ದ ಮೇಲೆ, ನಿಜಗುಣನು ಆ ಬಿಳಿಯ ಮುಖದ, ಕಪ್ಪು ಪಟ್ಟಿಯ, ಗುಮಾಸ್ತರ ವಾಚನ್ನೇ ಎತ್ತಿಕೊಂಡನು. "ಇದರಲ್ಲಿ ಒಂದು ಗಾಂಭೀರ್ಯ ಇದೆ" ಎಂದು ತಾನೇ ಕಂಡುಹಿಡಿದವನಂತೆ ಘೋಷಿಸಿದನು. ರುದ್ರಮುನಿಯಪ್ಪನು ಐವತ್ತು ರೂಪಾಯಿ ಕಡಿಮೆ ಮಾಡಿಸಿ, ಪೂರ್ವಕ್ಕೆ ತಿರುಗಿ ದುಡ್ಡು ಕೊಟ್ಟನು. ಶಾಹಿನಾ ತನ್ನ ಕೈಯ ವಾಚು ನೋಡಿಕೊಂಡು ಹೊಸದರ ಮುಳ್ಳು ತಿರುಗಿಸತೊಡಗಿದಳು.

"ಯಾಕಮ್ಮ ಸುಮ್ನೆ ತಿರುಗಿಸ್ತೀಯ? ಸರಿಯಾಗೇ ಐತಲ್ಲ, ಹತ್ತೂ ಹತ್ತು" ಎಂದನು ಮಾವ.

ಶಾಹಿನಾ ಅವನನ್ನೇ ದಿಟ್ಟಿಸಿದಳು. "ಯಜಮಾನ್ರೇ, ಮಾರೋಕಿಟ್ಟ ವಾಚಿಗೆಲ್ಲ ಕೀ ಎಳೆದು ನಿಲ್ಸಿರ್ತೀವಿ, ಸೆಲ್ ಉಳೀಲಿ ಅಂತ. ಗೋಡೆ ಮೇಲಿನವಕ್ಕೆ ಸೆಲ್ಲೇ ಹಾಕಿಲ್ಲ. ಹತ್ತೂ ಹತ್ತಕ್ಕೆ ಇಟ್ರೆ ನೋಡೋಕೆ ಲಕ್ಷಣ, ಕಂಪನಿ ಹೆಸರೂ ಮುಚ್ಚಲ್ಲ. ಎಲ್ಲಾ ಅಂಗಡೀಲೂ ಹಂಗೇ. ಈಗ ಟೈಮು ಹನ್ನೊಂದೂ ಮುಕ್ಕಾಲು."

"ಶಿವ ಶಿವಾ! ಸುಡುಸುಡು ರಾಹುಕಾಲದಾಗೆ ದುಡ್ಡು ಕೊಟ್ಬಿಟ್ನಲ್ಲೋ!" ಎಂದು ರುದ್ರಮುನಿಯಪ್ಪನು ಸ್ಟೂಲಿನ ಮೇಲೆ ಕುಸಿದನು. ನಿಜಗುಣನಿಗೆ ಮೊದಲು ವಿಶಾಲಾಕ್ಷಮ್ಮನವರ ಕನ್ನಡಕ ನೆನಪಾಯಿತು, ಆಮೇಲೆ ಹನುಮಕ್ಕ. ಥೂ! ಆ ಕ್ರಮವನ್ನು ನಾನು ಮರೆಯುವುದಿಲ್ಲ.

ವಾಚು ಕಟ್ಟಿಕೊಂಡು ಓಡಿದನು. ಬಡವಳ ಅರ್ಜಿ ತನ್ನಿಂದ ಮಣ್ಣುಪಾಲಾಯಿತೆಂಬ ಭಯಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ಬರಲಿ, ಅಷ್ಟಾದರೂ ಬರಲಿ. ಏದುಸಿರು ಬಿಡುತ್ತ ಕೋರ್ಟಿನ ಮೆಟ್ಟಿಲು ಮುಟ್ಟಿದಾಗ ಹನುಮಕ್ಕ ಕೈಯಲ್ಲೊಂದು ಕಾಗದ ಹಿಡಿದು ಇಳಿದು ಬರುತ್ತಿದ್ದಳು.

"ಹನುಮಕ್ಕ, ತಪ್ಪಾಯ್ತು... ಅರ್ಜಿ..."

"ಎಲ್ಲೋಗಿದ್ಯಪ್ಪ ಲಾಯರಪ್ಪ? ಹೆಸ್ರು ಕೂಗಿದ್ರು, ನೀನಿಲ್ಲ. ನಾನೇ ಹೋಗಿ ನಿಂತ್ಕಂಡೆ. 'ನಿನ್ನ ವಕೀಲರು ಎಲ್ಲಮ್ಮ' ಅಂದ್ರು. 'ಗೊತ್ತಿಲ್ಲ ಸ್ವಾಮಿ, ಗಾಡಿ ನಂದು, ಇಗೋ ಅದರ ಚೀಟಿ, ಇನ್ನು ದಾರೀಗೆ ಅಡ್ಡ ನಿಲ್ಲಿಸಲ್ಲ' ಅಂದೆ. ಸರ್ಕಾರಿ ವಕೀಲ್ರೂ ಕೊಡ್ಲಿ ಬಿಡಿ ಅಂದ್ರು. ಗಾಡಿ ಬಿಟ್ರು. ಕಾಗದ ಬರೆಯಕ್ಕೇ ಇಷ್ಟೊತ್ತಾಯ್ತು."

ನಿಜಗುಣನ ಕಿಸೆಯಲ್ಲಿ ಮೂರು ಪುಟದ ವಾದವು ಮಡಿಸಿದಂತೆಯೇ ಇತ್ತು. ಅವನು ಹಣೆಯ ಬೆವರನ್ನು ಎಡಗೈಯಲ್ಲಿ ಒರೆಸಿಕೊಂಡನು. ಗುಂಡಿ ಕಿತ್ತ ತೋಳು ಜಾರಿ ವಾಚು ಕಂಡಿತು.

"ಹೊಸದಾ? ಚೆನ್ನಾಗೈತೆ" ಎಂದಳು ಹನುಮಕ್ಕ. "ಅದನ್ನ ಬಿಚ್ಚಿ ಜೇಬಿಗೆ ಹಾಕ್ಕೊ, ಕೋಟೂ ಬಿಚ್ಚು. ಬಿಸಿಲಿಗೆ ನಿಂತು ನಿಂತು ಗಾಡಿ ಚಕ್ರ ಹಿಡ್ಕಂಡೈತಂತೆ, ನನ್ನೊಬ್ಳ ಕೈಲಿ ಆಗಲ್ಲ. ಬಾ, ಒಸಿ ತಳ್ಳು."

ವೀರಾಧಿವೀರನ ಮಣಿಕಟ್ಟಿನ ಮೇಲೆ ಒಟ್ಟು ಹದಿನೈದು ನಿಮಿಷ ವಿರಾಜಿಸಿದ ಆ ಗಡಿಯಾರವು ಜೇಬು ಸೇರಿತು. ಠಾಣೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಅವನು ಬಾಯಿ ಮುಚ್ಚಿಕೊಂಡು ಗಾಡಿ ತಳ್ಳಿದನು, ಮತ್ತು ಆರು ತಿಂಗಳ ವಕೀಲಿಕೆಯಲ್ಲಿ ಒಬ್ಬ ಕಕ್ಷಿದಾರಳಿಗೆ ಅವನಿಂದ ಆದ ಮೊದಲ ಉಪಕಾರ ಅದೇ ಆಗಿತ್ತು.