ಫ್ರೆಂಚ್ ಸಿನಿಮಾ ಮತ್ತು ನಮ್ಮ ಕಾಫಿ

ಮೈಸೂರಲ್ಲಿ ಮೂವತ್ತೈದು ವರ್ಷ ಹೆರಿಗೆ ಡಾಕ್ಟರಾಗಿದ್ದವಳು ನಾನು, ಯಾವ ಮಾತಿಗೂ ನಾಚಿದವಳಲ್ಲ. ಆದರೂ ಅಮೆರಿಕದಲ್ಲಿ, ಫೋರ್ ಎಸ್ ರ್ಯಾಂಚ್ ಅನ್ನೋ ಊರಿನ ಮಗಳ ಮನೆಯಲ್ಲಿ ಫ್ರೆಂಚ್ ಸಿನಿಮಾ ಹಾಕಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಕೋವಿಡ್ ಗಲಾಟೆ ಮುಗಿದ ಮೇಲೆ ಹನ್ನೊಂದು ಮಂದಿ ಕನ್ನಡದವರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರಿ ಸಿನಿಮಾ ನೋಡಲು ಶುರುಮಾಡಿದೆವು. ಆಯ್ಕೆ ನನ್ನದು. ಮಕ್ಕಳು ದೊಡ್ಡವರಾಗುವ ಕಥೆಯನ್ನು ಫ್ರೆಂಚರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ; ಮೈನೆರೆಯುವುದು, ಮೊದಲ ಪ್ರೀತಿ, ಅಪ್ಪ ಅಮ್ಮ ನುಂಗಿಕೊಂಡ ಮಾತು, ಎಲ್ಲವನ್ನೂ. ಒಂದನ್ನಾದರೂ ಇವರಿಗೆ ಪೂರ್ತಿ ತೋರಿಸಿಯೇ ಬಿಡುತ್ತೇನೆ ಅಂತ ಹಟ ಹಿಡಿದೆ.

ರಿಮೋಟು

ಮೊದಲ ಸಲ ರಿಮೋಟು ಒಬ್ಬ ರಿಟೈರ್ಡ್ ಇಂಜಿನಿಯರ ಕೈಗೆ ಸಿಕ್ಕಿತು. ಸಿನಿಮಾದ ಹುಡುಗಿ ಹುಡುಗನ ಕಡೆ ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಇವರು ಮುಂದಕ್ಕೆ ಓಡಿಸಿದರು. ಅವಳು ಬಸ್ಸಿಗೆ ಕಾಯುತ್ತಿದ್ದಾಗಲೂ ಓಡಿಸಿದರು.

"ಸಾರ್, ಅದು ಬಸ್ ಸ್ಟಾಪು" ಅಂದೆ.

"ಅಲ್ಲೇ ಶುರುವಾಗೋದು, ಡಾಕ್ಟ್ರೇ."

ಎರಡು ಗಂಟೆಯ ಸಿನಿಮಾ ಅರ್ಧ ಗಂಟೆಗೆ ಮುಗಿಯಿತು. ಹೊರಡುವಾಗ ಅವರೇ ಹೇಳಿದರು, "ಕಥೆ ಚೆನ್ನಾಗಿತ್ತು. ಸ್ವಲ್ಪ ಅವಸರದಲ್ಲಿ ಮುಗಿಸಿಬಿಟ್ಟಿದಾರೆ."

ಕಾಫಿ

ಮುಂದಿನ ತಿಂಗಳು ರಿಮೋಟನ್ನು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಸಿನಿಮಾದ ಹುಡುಗಿ ಸ್ಕೂಲಿನಲ್ಲಿ ಮೈನೆರೆದಳು, ಯಾರಿಗೆ ಹೇಳಬೇಕೆಂದು ತಿಳಿಯದೆ ಒದ್ದಾಡಿದಳು. ನನ್ನ ಕಣ್ಣು ಒದ್ದೆಯಾಯಿತು. ತಿರುಗಿ ನೋಡಿದರೆ ಹತ್ತೂ ಜನ ಕಾಫಿ ನೆಪದಲ್ಲಿ ಅಡುಗೆಮನೆ ಸೇರಿದ್ದರು.

ಸ್ಯಾಂಟಾ ಕ್ಲಾರಿಟಾದಿಂದ ಈ ಸಿನಿಮಾಕ್ಕೆಂದೇ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ ಪ್ರೊಫೆಸರಮ್ಮ ಅಲ್ಲಿಂದಲೇ ಕೇಳಿದರು, "ಆಯ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಇನ್ನೊಂದು ಲೋಟ ಕುಡಿದೇ ಬರ್ತೀನಿ."

ಅವತ್ತು ಅವರು ನಾಲ್ಕು ಲೋಟ ಕುಡಿದರು. ಸಿನಿಮಾ ಅಷ್ಟು ದಿಟ್ಟವಾಗಿತ್ತು.

ಸೋಫಾ

"ಈ ಸಲವೂ ಪೂರ್ತಿ ನೋಡಕ್ಕಾಗ್ದಿದ್ರೆ ಮುಂದಿನ ತಿಂಗಳಿಂದ ಬರೀ ಭಕ್ತಿಚಿತ್ರ" ಅಂತ ಮೂರನೇ ತಿಂಗಳು ಇಂಜಿನಿಯರು ಎಲ್ಲರಿಂದ ಕೈ ಎತ್ತಿಸಿದರು. ನಾನೂ ಬಿಡಲಿಲ್ಲ. ಮೊದಲೇ ಎಲ್ಲರಿಗೂ ಕಾಫಿ ಕುಡಿಸಿ, ಅಡುಗೆಮನೆಯ ದಾರಿಗೆ ಸೋಫಾ ಅಡ್ಡ ಎಳೆದು, ಅದರ ಮೇಲೆ ಇಂಜಿನಿಯರನ್ನೇ ಕೂರಿಸಿದೆ. ಮಗಳೂ ಬಂದು ಕೂತಳು.

ಸಿನಿಮಾದ ಹುಡುಗಿ ಅಮ್ಮನನ್ನು ಕೇಳಿದಳು, ಮಗು ಹೇಗೆ ಆಗುತ್ತೆ ಅಂತ. ನಮ್ಮವರೆಲ್ಲ ಉಸಿರು ಬಿಗಿಹಿಡಿದರು. ಆ ಫ್ರೆಂಚ್ ತಾಯಿ ಮಗಳ ಮುಖವನ್ನೊಮ್ಮೆ ನೋಡಿ, ಎದ್ದುಹೋಗಿ ಕಾಫಿಗೆ ನೀರಿಟ್ಟಳು.

"ಅಯ್ಯೋ, ಇವಳೂ ನಮ್ಮ ಕಡೆಯವಳೇ" ಅಂದರು ಪ್ರೊಫೆಸರಮ್ಮ. ಎಲ್ಲರೂ ನಕ್ಕರು. ಆಮೇಲೆ ಕೊನೆಯವರೆಗೂ ಒಬ್ಬರೂ ಕದಲಲಿಲ್ಲ. ಗೆದ್ದೆ ಅಂತ ನನಗೆ ಹಿಗ್ಗೋ ಹಿಗ್ಗು.

ಲೈಟು ಹಾಕಿದ ಮೇಲೆ ಮಗಳು ಎಲ್ಲರೆದುರಿಗೇ ಅಂದಳು, "ಅಮ್ಮಾ, ಹನ್ನೆರಡನೇ ವಯಸ್ಸಲ್ಲಿ ನಾನೂ ಇದನ್ನೇ ಕೇಳಿದ್ದೆ. ನೀನು ನಿನ್ನ ಎಂ.ಬಿ.ಬಿ.ಎಸ್. ಪುಸ್ತಕ ನನ್ನ ಕೈಗಿಟ್ಟು, ಎಂಟನೇ ಅಧ್ಯಾಯ ಓದ್ಕೋ ಅಂತ ಹೇಳಿ ಕಾಫಿ ಮಾಡಕ್ಕೆ ಹೋದೆ. ಉತ್ತರ ಇನ್ನೂ ಬಂದಿಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸರಕ್ಕನೆ ಎದ್ದು ಅಡುಗೆಮನೆ ಕಡೆ ಹೊರಟೆ. ನಾನೇ ಎಳೆದಿಟ್ಟ ಸೋಫಾ ಅಡ್ಡ ಇತ್ತು. ಇಂಜಿನಿಯರು ಅದರ ಮೇಲೆ ಇನ್ನಷ್ಟು ಕಾಲು ಚಾಚಿದರು.

"ಕೂತ್ಕೊಳ್ಳಿ, ಡಾಕ್ಟ್ರೇ. ಈ ಸೀನು ಪೂರ್ತಿ ನೋಡ್ಬೇಕು."